ತೊಳಸಿಯ ಒಡೆಯದ ಕೊಡ

ನಮ್ಮೂರಿನಲ್ಲಿ ಹೊಸ ಕೊಡದಲ್ಲಿ ನೀರು ನಿಲ್ಲುವುದಿಲ್ಲ. ಕುಂಬಾರರ ಬೀದಿಯಿಂದ ಎಷ್ಟೇ ಗಟ್ಟಿಯಾದದ್ದನ್ನು ಆರಿಸಿ ತನ್ನಿ, ಕೆರೆಯಲ್ಲಿ ತುಂಬಿ ಸೊಂಟಕ್ಕೇರಿಸಿಕೊಂಡು ಮನೆ ಸೇರುವಷ್ಟರಲ್ಲಿ ಅದು ಬರಿದಾಗಿರುತ್ತದೆ, ಸೀರೆ ಮಾತ್ರ ಒದ್ದೆ. ಆ ಕೊಡ ಒಂದಲ್ಲ ಒಂದು ದಿನ ಕೈಜಾರಿ ಬಿದ್ದು ಒಡೆಯಬೇಕು. ಚೂರುಗಳನ್ನು ಆಯ್ದು ಕೂಡಿಸಿ ಸಂದುಗಳಿಗೆ ಚಿನ್ನ ಹಿಡಿಸಬೇಕು. ಆಮೇಲೆ ಅದು ನೀರು ಹಿಡಿಯುತ್ತದೆ, ಹಿಡಿದರೆ ಮೂರು ತಲೆಮಾರು ಹಿಡಿಯುತ್ತದೆ. ತಾಮ್ರ, ಹಿತ್ತಾಳೆ ತಂದು ನೋಡಿದವರೂ ಇದ್ದರು. ಅದರಲ್ಲಿಟ್ಟ ನೀರು ಸಂಜೆಯ ಹೊತ್ತಿಗೆ ಬೇವಿನ ಕಷಾಯವಾಗುತ್ತಿತ್ತು. ಅವರು ಆ ಪಾತ್ರೆಗಳನ್ನು ಕಾಳು ತುಂಬಲು ಇಟ್ಟುಕೊಂಡು ಮತ್ತೆ ಮಣ್ಣಿನ ಕೊಡಕ್ಕೇ ಬಂದರು.

ಬೇಕೆಂದೇ ಒಡೆದರೆ ಆಗುವುದಿಲ್ಲ. ಅಂಥ ಕೊಡಕ್ಕೆ ಅಂಟು ಹಿಡಿಯುತ್ತದೆ, ಚಿನ್ನ ಹಿಡಿಯುವುದಿಲ್ಲ, ಒಣಗಿದ ಮೇಲೆ ಹೊಟ್ಟಿನಂತೆ ಉದುರಿಬಿಡುತ್ತದೆ. ಹಾಗಾಗಿ ಹೊಸದಾಗಿ ಸಂಸಾರ ಹೂಡಿದವರು ಕೊಡವನ್ನು ಓಡಾಡುವ ದಾರಿಯಲ್ಲೇ ಇಡುತ್ತಾರೆ. ಬೆಕ್ಕು ಸಾಕುತ್ತಾರೆ. ಕಣ್ಣು ಮಂಜಾದ ಅಜ್ಜಿಯಂದಿರನ್ನು ಉಪಚಾರ ಮಾಡಿ ಕರೆಸಿಕೊಂಡು ವಾರಗಟ್ಟಲೆ ಉಳಿಸಿಕೊಳ್ಳುತ್ತಾರೆ. ಇದೂ ಬೇಕೆಂದೇ ಒಡೆದಂತಲ್ಲವೇ ಎಂದು ಕೇಳಿದರೆ, "ದಾರೀಲಿ ಇಡೋದು ನಮ್ಮ ಕೆಲಸ, ಎಡವೋದು ಎಡವಿದವರ ಕೆಲಸ" ಎನ್ನುತ್ತಾರೆ. ಹೇಗೋ ಒಂದೆರಡು ತಿಂಗಳಲ್ಲಿ ಕೊಡ ಬೀಳುತ್ತದೆ. ಅಂದು ಮನೆಯವರು ಬೀದಿಗೆಲ್ಲ ಸಕ್ಕರೆ ಹಂಚುತ್ತಾರೆ. ಅಲ್ಲಿಯವರೆಗೆ ನೆರೆಮನೆಯ ನೀರೇ ಗತಿ.

ಚೂರುಗಳನ್ನು ಕೂಡಿಸುವವಳು ನಾನು. ಬೆಸುಗೆ ಲಕ್ಕಮ್ಮ ಎಂದರೆ ಎಲ್ಲರಿಗೂ ಗೊತ್ತು. ಈ ಕೆಲಸ ನನ್ನ ಅತ್ತೆಯಿಂದ ಬಂದದ್ದು. ಕರಿಗೇರು ಕಾಯಿಯ ಸೊನೆಗೆ ಅನ್ನದ ಗಂಜಿ ಮತ್ತು ನುಣ್ಣಗೆ ಜರಡಿ ಹಿಡಿದ ಇಟ್ಟಿಗೆ ಪುಡಿ ಸೇರಿಸಿ ಅಂಟು ಮಾಡುತ್ತೇನೆ. ಕೂಡಿಸಿದ ಕೊಡವನ್ನು ಒದ್ದೆ ಗೋಣಿ ಹೊದಿಸಿದ ಪೆಟ್ಟಿಗೆಯಲ್ಲಿ ಇಪ್ಪತ್ತು ದಿನ ಇಡಬೇಕು, ಆ ಅಂಟು ಬಿಸಿಲಿಗೆ ಒಣಗುವುದಿಲ್ಲ, ತೇವಕ್ಕೆ ಒಣಗುತ್ತದೆ. ಕೊನೆಗೆ ಸಂದುಗಳ ಮೇಲೆ ಸೊನೆಯ ಗೆರೆ ಎಳೆದು, ಅದು ಅರ್ಧ ಆರಿದಾಗ ಅಳಿಲ ಬಾಲದ ಕುಂಚದಿಂದ ಚಿನ್ನದ ಪುಡಿ ಉದುರಿಸಬೇಕು. ಸೊನೆ ತಾಗಿದಲ್ಲೆಲ್ಲ ಬೊಬ್ಬೆ ಏಳುತ್ತದೆ. ನನ್ನ ಕೈ ನೋಡಿ ಹೊಸಬರು ಸುಟ್ಟುಕೊಂಡಿದ್ದೀರಾ ಎಂದು ಕೇಳುತ್ತಾರೆ.

ತೊಳಸಿ ನನ್ನ ತಂಗಿ, ನನಗಿಂತ ಹದಿಮೂರು ವರ್ಷ ಚಿಕ್ಕವಳು. ಅವಳಿಗೆ ಏಳು ತುಂಬಿದ ವರ್ಷ ನಮ್ಮವ್ವ ಹಾಸಿಗೆ ಹಿಡಿದಿದ್ದಳು. ಒಂದು ಬೆಳಿಗ್ಗೆ ಅವ್ವ ನೀರು ಕೇಳಿದಳೆಂದು ತೊಳಸಿ ಮನೆಯ ದೊಡ್ಡ ಕೊಡವನ್ನು ಬಗ್ಗಿಸಲು ಹೋಗಿ ಕೈಬಿಟ್ಟಳು. ಅಜ್ಜಿಯ ಕಾಲದ ಕೊಡ ಅದು, ಮೈಮೇಲೆ ನಲವತ್ತು ಚಿನ್ನದ ಗೆರೆಗಳಿದ್ದವು. ಅದು ಒಡೆಯಲಿಲ್ಲ, ಪುಡಿಯಾಯಿತು. ಬೆರಳಿಗೆ ಸಿಗುವಷ್ಟು ದೊಡ್ಡ ಚೂರು ಒಂದೂ ಉಳಿಯಲಿಲ್ಲ. ನಾಲ್ಕನೆಯ ದಿನ ಅವ್ವ ಹೋದಳು. ಯಾರೂ ಮಗುವನ್ನು ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳೋ ಏನೋ. ಅಂಗಳದಲ್ಲಿ ಹೆಣದ ಪಕ್ಕ ಕೂತಿದ್ದ ದೊಡ್ಡವ್ವ ಒಬ್ಬಳು ಇನ್ನೊಬ್ಬಳಿಗೆ, "ಆಯಮ್ಮನ ಉಸಿರೆಲ್ಲ ಆ ಕೊಡದಲ್ಲೇ ಇತ್ತೇನೋ ಕಣೆ" ಎಂದಳು. ತೊಳಸಿ ಅಲ್ಲೇ ಕಂಬ ಹಿಡಿದು ನಿಂತಿದ್ದಳು. ಅಂದಿನಿಂದ ಅವಳ ಕೈಯಿಂದ ಏನೂ ಬೀಳಲಿಲ್ಲ. ಒಗ್ಗರಣೆಗೆ ಹಾಕುವಾಗ ಒಂದು ಸಾಸಿವೆ ಕಾಳು ಕೂಡ.

ಅವಳನ್ನು ಹೆಂಚು ಹೊದಿಸುವ ಚಿಕ್ಕೀರಯ್ಯನಿಗೆ ಕೊಟ್ಟೆವು. ನಗುಮುಖದವನು, ಮಾಡಿನ ತುದಿಯಲ್ಲಿ ಕೂತು ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುವವನು. ಮದುವೆಯಲ್ಲಿ ವಾಡಿಕೆಯಂತೆ ಹೊಸ ಕೊಡ ಕೊಟ್ಟೆವು. ಅದರ ಬೆಸುಗೆಗೆಂದು ಅವ್ವನ ಒಂದು ಜೊತೆ ಓಲೆಯನ್ನೂ ಗಂಟು ಕಟ್ಟಿ ಕೊಟ್ಟೆ.

ಆ ಕೊಡ ಹನ್ನೊಂದು ವರ್ಷ ಒಡೆಯಲಿಲ್ಲ.

ಮೊದಲ ವರ್ಷ ಊರು ನಕ್ಕಿತು. ಎರಡನೆಯ ವರ್ಷ ಯಾರೋ ತಮ್ಮ ಮನೆಯ ತುಂಟ ಬೆಕ್ಕನ್ನು ತಂದು ಬಿಟ್ಟರು. ಆ ಬೆಕ್ಕು ತೊಳಸಿಯ ಮನೆಯಲ್ಲಿ ಗೋಡೆಯ ಅಂಚಿನಲ್ಲೇ ನಡೆಯುವುದನ್ನು ಕಲಿಯಿತು. ಕೊಡವನ್ನು ಎಲ್ಲಿಟ್ಟರೂ ಅವಳ ಒಂದು ಕಣ್ಣು ಅದರ ಮೇಲೆ. ಯಾರಾದರೂ ಹತ್ತಿರ ಸುಳಿದರೆ ಕೈ ತಾನಾಗಿ ಚಾಚಿ ಕೊಡದ ಕಂಠ ಹಿಡಿಯುತ್ತಿತ್ತು. ತಡೆಯಬೇಡವೆಂದು ಎಲ್ಲರೂ ಹೇಳಿದರು. "ನಾನೆಲ್ಲಿ ತಡೀತೀನಿ? ಕೈ ಹೋಗುತ್ತೆ" ಎನ್ನುತ್ತಿದ್ದಳು. ದಿನಾ ಎರಡು ಬೀದಿ ದಾಟಿ ನನ್ನ ಮನೆಗೆ ಬಂದು, ನನ್ನದೇ ಒಂದು ಬೆಸೆದ ಹಳೆಯ ಮಣ್ಣಿನ ಬಿಂದಿಗೆಯಲ್ಲಿ ನೀರು ಒಯ್ದು, ಮರುದಿನ ತೊಳೆದು ತಂದುಕೊಡುತ್ತಿದ್ದಳು. ಹನಿ ಕೂಡ ಚೆಲ್ಲದ ನಡಿಗೆ ಅವಳದು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅವಳು ಬೀದಿಯಲ್ಲಿ ಬರುವುದನ್ನು ನೋಡಿದರೆ ನಿದ್ದೆಯಲ್ಲಿ ನಡೆದು ಬರುತ್ತಿದ್ದಾಳೇನೋ ಅನ್ನಿಸುತ್ತಿತ್ತು.

ಅವರಿಗೊಬ್ಬಳು ಮಗಳು, ಸಂಪಿ. ಆರು ತುಂಬಿ ಏಳಕ್ಕೆ ಬಿದ್ದಿದ್ದಳು. ಆ ಮಗು ಓಡುತ್ತಿರಲಿಲ್ಲ. ಎರಡೂ ಕೈ ಮೈಗೆ ಅಂಟಿಸಿಕೊಂಡು, ಕೆಳಗೆ ನೋಡುತ್ತ, ಮುದುಕಿಯಂತೆ ಹೆಜ್ಜೆ ಇಡುತ್ತಿತ್ತು. ಬೀದಿಯ ಮಕ್ಕಳು ಆಟಕ್ಕೆ ಕರೆದರೆ ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಒಮ್ಮೆ ನನ್ನ ಮನೆಗೆ ಬಂದಾಗ ಒಂದು ಉಂಡೆ ಕೊಟ್ಟೆ. ಅದನ್ನು ಎರಡೂ ಅಂಗೈಯಲ್ಲಿ ಹಿಡಿದು, "ಬಿದ್ರೆ ಏನಾಗುತ್ತೆ ದೊಡ್ಡವ್ವ?" ಎಂದು ಕೇಳಿತು. "ಬಿದ್ರೆ ಇರುವೆ ತಿನ್ನುತ್ತೆ ಕಣೆ" ಎಂದೆ. ಮಗು ನಂಬಲಿಲ್ಲ. ಬಾಗಿಲ ಹೊರಗೆ ನಿಂತಿದ್ದ ಚಿಕ್ಕೀರಯ್ಯ ಇದನ್ನು ಕೇಳಿಸಿಕೊಂಡ. ಒಳಗೆ ಬಂದು ಮಗುವನ್ನು ಎತ್ತಿಕೊಂಡು ಹೋದ.

ಅದಾದ ಕೆಲವು ದಿನಕ್ಕೆ, ತೊಳಸಿ ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದ ಹೊತ್ತಿನಲ್ಲಿ, ಅವನು ಟವಲಿನಲ್ಲಿ ಚೂರುಗಳನ್ನು ಕಟ್ಟಿಕೊಂಡು ಬಂದ.

"ಕೈ ಜಾರ್ತು ಅಕ್ಕಯ್ಯ" ಎಂದು ನೆಲ ನೋಡಿದ.

ನಾನು ಗಂಟು ಬಿಚ್ಚಿದೆ. ಎಂಟು ಚೂರು. ಬಿದ್ದ ಕೊಡ ಹೇಗೆ ಒಡೆಯುತ್ತದೆ, ಏಟು ತಿಂದ ಕೊಡ ಹೇಗೆ ಒಡೆಯುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕೊಡದ ಹೊಟ್ಟೆಯ ಮೇಲೆ ಹುಣಿಸೆ ಬೀಜದಷ್ಟು ಒಂದು ಗುಳಿ. ಅಲ್ಲಿಂದ ಸುತ್ತಲೂ ಜೇಡನ ಕಾಲಿನಂತೆ ಬಿರುಕುಗಳು. ಹೆಂಚಿನ ಕೆಲಸದ ಸುತ್ತಿಗೆ ಅವನ ಸೊಂಟದಲ್ಲೇ ಸಿಕ್ಕಿಸಿತ್ತು.

"ಜಾರ್ತಾ?" ಎಂದೆ.

"ಹೂಂ."

"ಸರಿ, ಇಟ್ಟು ಹೋಗಪ್ಪ. ಓಲೆ ಕಳಿಸಿಕೊಡು."

ಅಷ್ಟೇ ಹೇಳಿದ್ದು. ಆಗಲೇ ಅವನನ್ನು ಹಿಡಿದು ಕೇಳಬೇಕಿತ್ತು. ಆದರೆ ಬೀದಿಯಲ್ಲಿ ಆಗಲೇ ಸುದ್ದಿ ಹಬ್ಬಿತ್ತು. ತೊಳಸಿಯ ಕೊಡ ಒಡೆಯಿತಂತೆ, ತೊಳಸಿಯ ಕೊಡ ಒಡೆಯಿತಂತೆ ಎಂದು ಹೆಂಗಸರು ಬಾಗಿಲಿಗೆ ಬಂದು ಕೂಗಿ ಹೇಳುತ್ತಿದ್ದರು. ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಬಂದ ತೊಳಸಿ ನನ್ನ ಜಗಲಿಯಲ್ಲಿ ಕುಸಿದು ಕೂತಳು. "ಯಾರಿಗೂ ಏನೂ ಆಗಲಿಲ್ಲ ತಾನೆ ಅಕ್ಕಯ್ಯ?" ಎಂದು ಮೊದಲು ಕೇಳಿದಳು. ಇಲ್ಲವೆಂದೆ. ಅವಳು ಎದ್ದು ತನ್ನ ಮನೆಗೆ ಹೋಗಿ ಗಂಡನನ್ನು, ಮಗಳನ್ನು ಒಮ್ಮೆ ಕಣ್ಣಾರೆ ನೋಡಿ ಮತ್ತೆ ಬಂದಳು. ಮತ್ತೆ ಬಂದಾಗ ನಗುತ್ತಿದ್ದಳು.

ಅಂಟು ಹಿಡಿಯಿತು. ಇಪ್ಪತ್ತು ದಿನ ಕಳೆದು ಚಿನ್ನ ಉದುರಿಸಿದೆ. ಮರುದಿನ ನೋಡಿದರೆ ಪೆಟ್ಟಿಗೆಯ ತಳದಲ್ಲಿ ಚಿನ್ನ ಪರಾಗದಂತೆ ಬಿದ್ದಿತ್ತು. ಗುಡಿಸಿ ತೆಗೆದು ಮತ್ತೆ ಹಚ್ಚಿದೆ. ನಾಲ್ಕು ಸಲ ಹಚ್ಚಿದೆ, ನಾಲ್ಕು ಸಲವೂ ಉದುರಿತು. ತೊಳಸಿ ದಿನಾ ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು, ಹೆರಿಗೆ ಮನೆಯ ಹೊರಗೆ ನಿಂತವಳಂತೆ, "ಆಯ್ತಾ?" ಎಂದು ಕೇಳುತ್ತಿದ್ದಳು.

ಐದನೆಯ ಸಲ ನಾನು ನನ್ನ ಜೀವಮಾನದಲ್ಲಿ ಮಾಡದ ಕೆಲಸ ಮಾಡಿದೆ. ಕೊಡದ ಒಳಮೈಗೆ ಜೇನುಮೇಣ, ರಾಳ ಕಾಯಿಸಿ ಬಳಿದೆ. ಹೊರಗೆ ಹಿತ್ತಾಳೆಯ ಅರದ ಪುಡಿಯನ್ನು ಮೇಣದಲ್ಲಿ ಕಲಸಿ ಗೆರೆ ಎಳೆದೆ. ಅವ್ವನ ಓಲೆಯ ಚಿನ್ನವನ್ನು ಕಾಗದದಲ್ಲಿ ಮಡಿಸಿ ಅಕ್ಕಿ ಡಬ್ಬಿಯಲ್ಲಿಟ್ಟೆ. ನೀರು ತುಂಬಿದೆ. ನಿಂತಿತು. ತೊಳಸಿ ಆ ಕೊಡವನ್ನು ಮಗುವಿನಂತೆ ತೋಳಲ್ಲಿ ಎತ್ತಿಕೊಂಡು ಹೋದಳು. ಅಂದು ಬೀದಿಗೆಲ್ಲ ಸಕ್ಕರೆ ಹಂಚಿದಳು. ನನ್ನ ಪಾಲಿನ ಸಕ್ಕರೆಯನ್ನು ನಾನು ಇರುವೆಗಳಿಗೆ ಹಾಕಿದೆ.

ಒಂಬತ್ತು ದಿನ ಅವಳ ಮನೆಯಲ್ಲಿ ಜಾತ್ರೆ. ಹನ್ನೊಂದು ವರ್ಷದಿಂದ ಆ ಮನೆಗೆ ಹೋದವರಿಗೆ ತನ್ನದೇ ಕೊಡದ ಒಂದು ಲೋಟ ನೀರು ಕೊಡಲಾಗದೆ ಅವಳು ಎಷ್ಟು ಕುಗ್ಗಿದ್ದಳೆಂದು ಆಗ ನನಗೆ ತಿಳಿಯಿತು. ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ನೀರು ಕುಡಿಸಿದಳು. ಬಾಯಾರಿಕೆಯಿಲ್ಲವೆಂದವರಿಗೂ ಕುಡಿಸಿದಳು. ಹತ್ತನೆಯ ದಿನ ಬಿಸಿಲು ಜೋರಾಯಿತು.

ಮಧ್ಯಾಹ್ನ ಕೊಡ ಎತ್ತಿಕೊಂಡು ನನ್ನ ಅಂಗಳಕ್ಕೆ ಬಂದಳು. ಅಳುತ್ತಿರಲಿಲ್ಲ. ಕೊಡವನ್ನು ನನ್ನ ಮುಂದೆ ಮೆಲ್ಲಗೆ ಇಟ್ಟಳು. ಮೇಣ ಕರಗಿ ಕೊಡ ಮೈಯೆಲ್ಲ ಬೆವತಿತ್ತು. ಗೆರೆಗಳ ಅಂಚು ಹಸಿರಾಗಿತ್ತು.

"ಅಕ್ಕಯ್ಯ, ಇದು ಬಿದ್ದದ್ದಾ, ಹೊಡೆದದ್ದಾ?"

ನಾನು ಅವಳ ಕಣ್ಣು ತಪ್ಪಿಸಿದೆ. "ಹೊಡೆದದ್ದು" ಎಂದೆ.

"ನಿಂಗೆ ಯಾವತ್ತು ಗೊತ್ತಾಯ್ತು?"

"ಮೊದಲನೇ ದಿನವೇ."

"ನನ್ನ ಮುಖ ನೋಡ್ಕೊಂಡೇ ಹಿತ್ತಾಳೆ ಹಚ್ಚಿದೆಯಾ?"

ಅಷ್ಟರಲ್ಲಿ ಚಿಕ್ಕೀರಯ್ಯ ಅವಳ ಹಿಂದೆಯೇ ಓಡಿ ಬಂದು ಬೇಲಿಯ ಬಳಿ ನಿಂತ. ಮೈಯೆಲ್ಲ ಹೆಂಚಿನ ಕೆಂಪು ಧೂಳು.

"ಅಕ್ಕಯ್ಯನ್ನ ಬೈಬೇಡ" ಎಂದ. "ಹೊಡೆದೋನು ನಾನು."

ತೊಳಸಿ ತಿರುಗಲಿಲ್ಲ. ಕೊಡವನ್ನೇ ನೋಡುತ್ತ ಕೇಳಿದಳು, "ನೀರಿಗೋಸ್ಕರನಾ? ಹನ್ನೊಂದು ವರ್ಷದಲ್ಲಿ ಒಂದಿನ ನಿಮಗೆ ನೀರು ಇಲ್ಲ ಅಂದಿದ್ದೀನಾ ನಾನು?"

"ನೀರು ಯಾರಿಗೆ ಬೇಕಿತ್ತೆ? ಮಗು ಓಡಲ್ಲ ತೊಳಸಿ. ಬೀದೀಲಿ ಎಲ್ಲ ಮಕ್ಕಳೂ ಮಂಡಿ ತರಚ್ಕೊಂಡು ಬರ್ತವೆ. ನಮ್ಮ ಸಂಪಿ ಮಂಡಿ ನೋಡಿದ್ದೀಯಾ? ಒಂದು ಗಾಯ ಇಲ್ಲ. ನಿನ್ನ ನೋಡಿ ನೋಡಿ ಅದಕ್ಕೂ ಅದೇ ಅಭ್ಯಾಸ ಆಗಿದೆ. ಆ ಕೊಡ ಒಂದು ಹೋದ್ರೆ ಸಾಕು ಅನ್ನಿಸ್ತು."

"ನನ್ನ ಕೇಳಬೇಕಿತ್ತು."

"ಕೇಳಿದ್ರೆ ಒಪ್ತಿದ್ದೆಯಾ?"

ತೊಳಸಿ ಕೊಡದ ಕಂಠದ ಮೇಲೆ ಕೈಯಿಟ್ಟಳು. "ಇಲ್ಲ" ಎಂದಳು. "ಆದ್ರೂ ಕೇಳಬೇಕಿತ್ತು."

ಕೊಡವನ್ನು ಎತ್ತಿ ಸೊಂಟದಲ್ಲಿಟ್ಟುಕೊಂಡು ಅವನ ಪಕ್ಕದಿಂದಲೇ ನಡೆದು ಹೋದಳು.

ಆಮೇಲಿನ ಮೂರು ವಾರ ಅವಳು ನನ್ನ ಬಾಗಿಲಿಗೆ ಬರಲಿಲ್ಲ. ಕೆರೆ ಏರಿಯ ಆಚೆ, ಊರ ಕೊನೆಯ ಮನೆಯಿಂದ ನೀರು ತರುತ್ತಿದ್ದಳಂತೆ. ಗಂಡನಿಗೆ ಹೊತ್ತು ಹೊತ್ತಿಗೆ ಬಡಿಸುತ್ತಿದ್ದಳು, ಮಾತಿಲ್ಲ. ಅವನು ಮಾಡಿನ ಮೇಲೆ ಕೂತರೂ ಕೆಳಗೆ ಹೋಗುವವರನ್ನು ಮಾತಾಡಿಸುತ್ತಿರಲಿಲ್ಲ. ಅವನು ಹೊದಿಸುವ ಹೆಂಚುಗಳ ಟಕಟಕ ಸದ್ದು ಮಾತ್ರ ಊರ ಮೇಲೆ ಕೇಳುತ್ತಿತ್ತು. ಕೊಡವನ್ನು ಅವಳು ಎಸೆಯಲಿಲ್ಲ. ಮೊದಲಿಗಿಂತ ಹೆಚ್ಚು ಜೋಪಾನ ಮಾಡಿದಳು ಎಂದು ಜನ ಹೇಳಿದರು.

ಒಂದು ಬೆಳಿಗ್ಗೆ ನಾನು ಕೆರೆಯ ಮೆಟ್ಟಿಲ ಮೇಲೆ ಕೂತು ಕೈಗೆ ಹತ್ತಿದ್ದ ಸೊನೆಯನ್ನು ಬೂದಿಯಿಂದ ಉಜ್ಜುತ್ತಿದ್ದೆ. ಮಂಜು ಇನ್ನೂ ನೀರಿನ ಮೇಲಿಂದ ಎದ್ದಿರಲಿಲ್ಲ. ತೊಳಸಿ ಆ ಕೊಡ ಹಿಡಿದು ಮೆಟ್ಟಿಲಿಳಿದು ಬಂದಳು. ನನ್ನನ್ನು ನೋಡಿ, ಎರಡು ಮೆಟ್ಟಿಲು ದೂರದಲ್ಲಿ ನಿಂತು, ಗೋಡೆಗೆ ಹೇಳುವಂತೆ ಹೇಳಿದಳು, "ನಿನ್ನ ಮೇಣ ಎಲ್ಲ ತೊಳೆದು ತೆಗೀಬೇಕು." ಬಿಸಿನೀರು, ಸೀಗೆಪುಡಿ ಹಾಕಿ ಉಜ್ಜು ಎಂದು ನಾನೂ ನೀರಿಗೆ ಹೇಳಿದೆ. ಅವಳು ಕೊಡವನ್ನು ಮುಳುಗಿಸಿ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಅದರಿಂದ ನೀರು ಸೋರುತ್ತ ಅವಳ ಸೀರೆ ಒದ್ದೆಯಾಗುತ್ತಿತ್ತು.

ಆಗ ಮೇಲಿನಿಂದ ಒಂದು ಕೂಗು ಕೇಳಿಸಿತು.

"ಅವ್ವಾ, ಬಿತ್ತು! ಬಿತ್ತು!"

ಸಂಪಿ. ಏರಿಯ ಮೇಲೆ ಓಡಿ ಬರುತ್ತಿದ್ದಳು. ಹೌದು, ಓಡಿ. ಒಂದು ಕೈ ಮೇಲೆತ್ತಿ ಅದರಲ್ಲಿ ಏನನ್ನೋ ಹಿಡಿದಿದ್ದಳು. ಲಂಗ ಹಾರುತ್ತಿತ್ತು. ಬಾಯಿ ಅಗಲವಾಗಿ ತೆರೆದಿತ್ತು, ಮುಂದಿನ ಸಾಲಿನಲ್ಲಿ ಒಂದು ಹಲ್ಲಿರಲಿಲ್ಲ. ಹಿಂದೆ ದೂರದಲ್ಲಿ ಚಿಕ್ಕೀರಯ್ಯ, ಅವಳನ್ನು ಹಿಡಿಯಲಾಗದೆ ಏದುಸಿರು ಬಿಡುತ್ತ. ಮಗು ಮೆಟ್ಟಿಲಿಗೆ ಬಂದರೂ ನಿಲ್ಲಲಿಲ್ಲ. ಓಡಿ ಅಭ್ಯಾಸವಿಲ್ಲದ ಕಾಲು, ಪಾಚಿ ಹಿಡಿದ ಕಲ್ಲು. ನಾಲ್ಕನೆಯ ಮೆಟ್ಟಿಲಲ್ಲಿ ಜಾರಿತು.

ತೊಳಸಿ ಎರಡೂ ತೋಳು ಚಾಚಿದಳು.

ಮಗು ಅವಳ ಎದೆಗೆ ಬಂದು ಬಿತ್ತು. ಇಬ್ಬರೂ ಹಾಗೇ ಹಿಂದಕ್ಕೆ ಕೂತುಬಿಟ್ಟರು. ಮೊಣಕಾಲುದ್ದ ನೀರಿನಲ್ಲಿ ಕೂತು ಮಗು ಮುಷ್ಟಿ ಬಿಚ್ಚಿ ತೋರಿಸಿತು. "ತಾನಾಗೇ ಬಿತ್ತವ್ವ. ನೋವೇ ಆಗಲಿಲ್ಲ." ಅಕ್ಕಿಕಾಳಿನಂಥ ಹಲ್ಲು. ತೊಳಸಿ ಅದನ್ನು ನೋಡಿ, ಮಗುವಿನ ಬಾಯಿ ನೋಡಿ, ಖಾಲಿ ಜಾಗಕ್ಕೆ ಬೆರಳಿಟ್ಟು ನಗತೊಡಗಿದಳು. ಎಷ್ಟು ನಕ್ಕಳೆಂದರೆ ಆಚೆ ದಡದಲ್ಲಿ ಬಟ್ಟೆ ಒಗೆಯುವವರು ಕೈ ನಿಲ್ಲಿಸಿ ನೋಡಿದರು. ಕೊಡ ಒಡೆದ ಸದ್ದು ಅವಳಿಗೆ ಕೇಳಿಸಿರಲೇ ಇಲ್ಲ. ಕೇಳಿಸಿದ್ದು ನನಗೆ. ಮೆಟ್ಟಿಲ ಮೇಲೆ ಚೂರುಗಳು ಹರಡಿಕೊಂಡಿದ್ದವು. ಚಿಕ್ಕೀರಯ್ಯ ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟಿದ್ದ, ಚೂರು ಮೆಟ್ಟಿಬಿಟ್ಟೇನು ಎಂದು ಒಂದು ಕಾಲು ಎತ್ತಿಕೊಂಡು.

ತೊಳಸಿ ಕೊನೆಗೆ ತಿರುಗಿ ನೋಡಿದಳು. ನಗು ನಿಂತಿತು. ಅವಳ ಮುಖದಲ್ಲಿ ಏಳು ವರ್ಷದ ಹುಡುಗಿ ಬಂದು ಕೂತದ್ದು ನನಗೆ ಕಂಡಿತು. ಅವಳು ಸಂಪಿಯ ಕೈ, ಕಾಲು, ತಲೆ ಮುಟ್ಟಿ ಮುಟ್ಟಿ ನೋಡಿದಳು. ಮೇಲೆ ನಿಂತ ಗಂಡನನ್ನು ನೋಡಿದಳು. ನನ್ನನ್ನು ನೋಡಿದಳು. ಎಲ್ಲರೂ ಬದುಕಿದ್ದೆವು.

"ಬಿದ್ದುಬಿಡ್ತು ಅಕ್ಕಯ್ಯ" ಎಂದಳು.

"ಬಿದ್ದದ್ದೇ ಕಣೆ" ಎಂದೆ. "ನಾನೇ ನೋಡಿದೆ."

ಇಪ್ಪತ್ತಮೂರು ಚೂರುಗಳನ್ನು ನಾಲ್ವರೂ ಸೇರಿ ಆಯ್ದೆವು. ನೀರಿನೊಳಗೆ ಬಿದ್ದ ಎರಡನ್ನು ಚಿಕ್ಕೀರಯ್ಯ ಮುಳುಗಿ ತೆಗೆದ. ಈ ಸಲ ಬೆಸುಗೆಗೆ ತೊಳಸಿಯೂ ನನ್ನ ಪಕ್ಕದಲ್ಲಿ ಕೂತಳು. ಹಿತ್ತಾಳೆಯ ಮಾತನ್ನು ನಾನೇ ಎತ್ತಿದೆ. ತಪ್ಪಾಯಿತು ಎಂದೆ. ಅವಳು ನನ್ನ ಕೈಯ ಬೊಬ್ಬೆಗಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ, "ಇಷ್ಟು ಉರಿ ತಡ್ಕೊಂಡು ಯಾಕಾದ್ರೂ ಸುಳ್ಳು ಕೆಲಸ ಮಾಡಿದೆಯೋ" ಎಂದಷ್ಟೇ ಗೊಣಗಿದಳು. ಎಣ್ಣೆ ಹಚ್ಚುವ ಬೆರಳು ಮೆತ್ತಗಿತ್ತು.

ಇಪ್ಪತ್ತು ದಿನ ಆದ ಮೇಲೆ ಅಕ್ಕಿ ಡಬ್ಬಿಯಿಂದ ಅವ್ವನ ಚಿನ್ನ ತೆಗೆದೆ. ಹೊಸ ಬಿರುಕುಗಳ ಮೇಲೆಲ್ಲ ಅದು ಹುಟ್ಟಿನಿಂದಲೇ ಅಲ್ಲಿತ್ತೆಂಬಂತೆ ಕೂತುಕೊಂಡಿತು. ನೀರಿನಲ್ಲಿ ಬೇರು ಇಳಿದ ಹಾಗೆ ಗೆರೆಗಳು ಕಂಠದಿಂದ ತಳದವರೆಗೆ ಹರಿದವು. ಸುತ್ತಿಗೆಯ ಹಳೆಯ ಬಿರುಕುಗಳನ್ನೂ ಹೆಚ್ಚಿನ ಕಡೆ ಹೊಸ ಗೆರೆಗಳು ಹಾದು ಬಿಗಿದಿದ್ದವು. ಉಳಿದದ್ದು ಆ ಹುಣಿಸೆ ಬೀಜದಷ್ಟು ಗುಳಿ ಮಾತ್ರ. ಅಲ್ಲಿ ಚಿನ್ನ ಏನು ಮಾಡಿದರೂ ನಿಲ್ಲಲಿಲ್ಲ. ಕೊಡ ತುಂಬಿ ಇಟ್ಟರೆ ಆ ಜಾಗದಲ್ಲಿ ಒಂದು ಹನಿ ಮೆಲ್ಲಗೆ ದಪ್ಪವಾಗಿ, ನಾವು ಹತ್ತು ಎಣಿಸುವಷ್ಟರಲ್ಲಿ ಕೆಳಗೆ ಬೀಳುತ್ತಿತ್ತು.

"ಒಂಚೂರು ಮೇಣ ಇಟ್ರೆ ನಿಲ್ಲುತ್ತೆ" ಎಂದೆ ಹೆದರುತ್ತ. "ಈ ಸಲ ನಿನ್ನ ಕೇಳಿಯೇ ಇಡ್ತೀನಿ."

"ಬೇಡ" ಎಂದಳು ತೊಳಸಿ. "ಅದು ಅವರು ನನ್ನ ಕೇಳದೆ ಮಾಡಿದ್ದು. ಇರ್ಲಿ. ಕೆಳಗೆ ಬಟ್ಟಲು ಇಡ್ತೀನಿ. ದಿನಾ ಅವರೇ ತೆಗೆದು ಚೆಲ್ಲಲಿ."

ಚಿಕ್ಕೀರಯ್ಯ ಒಪ್ಪಿಕೊಂಡ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಒಮ್ಮೆ, ಸಂಜೆ ಬಂದು ಕಾಲು ತೊಳೆದ ಮೇಲೆ ಒಮ್ಮೆ, ಬಟ್ಟಲಿನ ನೀರನ್ನು ಹಿತ್ತಲ ಬಸಳೆ ಬುಡಕ್ಕೆ ಹಾಕಿ ಬಟ್ಟಲನ್ನು ಮತ್ತೆ ಸರಿಯಾಗಿ ಹನಿ ಬೀಳುವ ಜಾಗಕ್ಕೇ ಇಡುತ್ತಿದ್ದ. ಜ್ವರ ಬಂದು ಮಲಗಿದಾಗಲೂ ಗೋಡೆ ಹಿಡಿದು ಎದ್ದು ಹೋದನಂತೆ. ಗಂಡಹೆಂಡಿರು ಮಾತಾಡತೊಡಗಿದರು. ಅವನು ಮತ್ತೆ ಮಾಡಿನ ತುದಿಯಿಂದ ಜನರನ್ನು ಕೂಗತೊಡಗಿದ. ಸಂಪಿ ಆ ವರ್ಷ ಎರಡು ಬಟ್ಟಲು, ಒಂದು ಹಣತೆ, ಒಂದು ಉಪ್ಪಿನ ಭರಣಿ ಒಡೆದಳು. ಎರಡೂ ಮಂಡಿ ತರಚಿಕೊಂಡಳು. ತೊಳಸಿ ಬೈದಳು, ಅರಿಶಿನ ಹಚ್ಚಿದಳು. ಆದರೆ ಬಟ್ಟಲಿನ ಕೆಲಸ ಮಾತ್ರ ಅವನದೇ. "ಎಷ್ಟು ದಿನ ಹೀಗೆ?" ಎಂದು ಒಮ್ಮೆ ಕೇಳಿದೆ. ತೊಳಸಿ, "ನಂಗೇನು ಗೊತ್ತು" ಎಂದು ರೊಟ್ಟಿ ತಟ್ಟುತ್ತ ಹೇಳಿದಳು.

ಎರಡು ವರ್ಷ ಕಳೆಯಿತು. ಮೊನ್ನೆ ಬಸಳೆ ಸೊಪ್ಪು ಕೇಳಲೆಂದು ಬೆಳಿಗ್ಗೆ ಅವರ ಹಿತ್ತಲ ಕಡೆಯಿಂದ ಹೋದೆ. ಚಿಕ್ಕೀರಯ್ಯ ಹಿತ್ತಲ ಜಗಲಿಯಲ್ಲಿ ಗೋಡೆಗೊರಗಿ ಇನ್ನೂ ನಿದ್ದೆಯಲ್ಲಿದ್ದ. ಹಿಂದಿನ ದಿನ ದೊಡ್ಡ ಮನೆಯೊಂದರ ಮಾಡು ಹೊದಿಸಿ ಬಂದಿದ್ದನೆಂದು ಕಾಣುತ್ತದೆ, ಉಗುರುಗಳಲ್ಲಿ ಕೆಂಪು ಧೂಳು ಹಾಗೇ ಇತ್ತು. ಒಳಗೆ ಬಟ್ಟಲು ತುಂಬಿ ಹನಿಯ ಸದ್ದು ಬದಲಾಗಿತ್ತು. ತೊಳಸಿ ಒಳಗಿನಿಂದ ಬಂದಳು. ಅವನನ್ನು ಎಬ್ಬಿಸಲು ಬಗ್ಗಿದವಳು, ಹಾಗೇ ಸ್ವಲ್ಪ ಹೊತ್ತು ಅವನ ಮುಖ ನೋಡಿ, ಎಬ್ಬಿಸದೆ ಒಳಗೆ ಹೋದಳು. ಬಟ್ಟಲನ್ನು ತಾನೇ ಎತ್ತಿಕೊಂಡು, ತುಳುಕುತ್ತಿದ್ದ ನೀರನ್ನು ದಾರಿಯುದ್ದಕ್ಕೂ ಚೆಲ್ಲಿಕೊಂಡು, ಹಿತ್ತಲಿಗೆ ಬಂದಳು.

ಬೇಲಿಯ ಆಚೆ ನಿಂತಿದ್ದ ನಾನು ಅವಳಿಗೆ ಕಾಣಿಸಲಿಲ್ಲ. ಸೊಪ್ಪು ನಾಳೆ ಕೇಳಿದರಾಯಿತೆಂದು ಹಿಂತಿರುಗಿದೆ.